ಓಡುತ್ತಲೇ ಆಫ್ ಆಗುವ ಕಾರು, ಗೋಣಿಕೊಪ್ಪದ ಬೋರ್ಡಿಲ್ಲದ ಗ್ಯಾರೇಜು

ಈ ಗ್ಯಾರೇಜಿಗೆ ನಾನು ಕೊಟ್ಟ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಬರೀ ಹುಡುಕಿದ್ದಕ್ಕೆ. ಪಾರ್ಟಿನ ರೇಟು ಬೇರೆ, ಹಾಕಿದ ಕೂಲಿ ಬೇರೆ, ಕಂಪ್ಲೇಂಟ್ ಎಲ್ಲಿದೆ ಅಂತ ಕಂಡುಹಿಡಿದದ್ದಕ್ಕೆ 1,200 ರೂಪಾಯಿ ಬೇರೆ. ಚೀಟಿ ನೋಡಿ ನಮ್ಮ ಮಾವ, "ನೋಡೋದಕ್ಕೂ ದುಡ್ಡಾ?" ಅಂದರು. ಹೌದು ಮಾವ, ನೋಡೋದಕ್ಕೇ ದುಡ್ಡು. ನೋಡದೆ ಬಿಚ್ಚಿದವರಿಗೆ ಇದರ ಎಷ್ಟೋ ಪಟ್ಟು ಕೊಟ್ಟು ಬಂದಾಗಿತ್ತು.

ಗ್ಯಾರೇಜ್ ಇರುವುದು ಕೊಡಗಿನ ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗುವ ದಾರಿಯಲ್ಲಿ. ಬೋರ್ಡ್ ಇಲ್ಲ. ಶೀಟ್ ಹೊದಿಸಿದ ಶೆಡ್, ಮುಂದೆ ಯಾವಾಗಲೂ ಒಂದೆರಡು ಎಸ್ಟೇಟ್ ಜೀಪು, ಒಂದು ಪಿಕಪ್ಪು. ಮೇಸ್ತ್ರಿಯನ್ನು ಎಲ್ಲರೂ ಚೇಟ ಅಂತಲೇ ಕರೆಯುವುದು, ಮಲಯಾಳದಲ್ಲಿ ಅಣ್ಣ ಅಂತ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಈಗಿರುವ ಕೆಲಸವೇ ಜಾಸ್ತಿಯಂತೆ. ಅದಕ್ಕೆ ನಾನೂ ಚೇಟ ಅಂತಲೇ ಬರೆಯುತ್ತೇನೆ.

ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಹತ್ತು ವರ್ಷದ ಆಚೆಯದು. ಕಂಪನಿ ಯಾವುದು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಈ ಕಂಪ್ಲೇಂಟ್ ಯಾವ ಗಾಡಿಗೂ ಬರಬಹುದು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಅಮ್ಮತ್ತಿಯಿಂದ ಗೋಣಿಕೊಪ್ಪಕ್ಕೆ ಹೋಗಿ ಬಂದರೆ ಏನೂ ಆಗುವುದಿಲ್ಲ. ಉದ್ದ ಓಡಿಸಿದರೆ, ಅದರಲ್ಲೂ ಏರು ಹತ್ತಿ ಇಂಜಿನ್ ಚೆನ್ನಾಗಿ ಕಾದಮೇಲೆ, ಹೋಗ್ತಾ ಹೋಗ್ತಾ ಆಫ್. ಮುನ್ಸೂಚನೆ ಇಲ್ಲ, ಜರ್ಕ್ ಇಲ್ಲ, ಏನೂ ಇಲ್ಲ. ಸೈಡಿಗೆ ಹಾಕಿ ಕಾಲು ಗಂಟೆ, ಇಪ್ಪತ್ತು ನಿಮಿಷ ಕೂತರೆ ಮತ್ತೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಬೇರೆ ಊರಲ್ಲಾದರೆ ಇದು ತಲೆನೋವು ಅಷ್ಟೇ. ತಿತಿಮತಿ ದಾಟಿ ಆನೆಗಳು ಓಡಾಡುವ ಆನೆಚೌಕೂರು ಕಾಡಿನ ರಸ್ತೆಯಲ್ಲಿ, ಸಂಜೆ ಹೊತ್ತು, ಎರಡೂ ಕಡೆ ಲಂಟಾನ ಪೊದೆ ಇರುವಲ್ಲಿ ಗಾಡಿ ನಿಂತರೆ ಆ ಇಪ್ಪತ್ತು ನಿಮಿಷ ಎಷ್ಟು ಉದ್ದ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕೇರಳದ ಕಡೆ ಇಳಿಯುವ ಮಾಕುಟ್ಟ ಘಾಟಿಯಲ್ಲಿ ಇನ್ನೊಂದು ಕಷ್ಟ, ಅಲ್ಲಿ ಎಷ್ಟೋ ಕಡೆ ಫೋನಿಗೆ ನೆಟ್‌ವರ್ಕೂ ಸಿಗುವುದಿಲ್ಲ.

ಮೊದಲು ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟಿದ್ದೆವು. ಹೆಸರು ಬೇಡ. ಅಲ್ಲಿ ಸ್ಕ್ಯಾನರ್ ಹಾಕಿದರು, ಕಂಪ್ಲೇಂಟ್ ಏನು ಅಂತ ತೋರಿಸುವ ಕೋಡ್ ಏನೂ ಬರಲಿಲ್ಲ. ಕೋಡ್ ಇಲ್ಲ ಅಂದಮೇಲೆ ಅಂದಾಜಿನ ಮೇಲೆ ಕೆಲಸ ಶುರು. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಆಮೇಲೆ ಫ್ಯೂಯೆಲ್ ಪಂಪ್. ಪ್ರತಿ ಸಲವೂ ಟ್ರಯಲ್ ನೋಡಿ "ಓಕೆ ಮೇಡಂ" ಅಂದರು. ಅವರ ಟ್ರಯಲ್ ಅಂದರೆ ಊರೊಳಗೆ ಒಂದು ಸುತ್ತು, ಇಂಜಿನ್ ಕಾಯುವಷ್ಟರಲ್ಲಿ ವಾಪಸ್. ಗಾಡಿ ಯಾವಾಗ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಅಂತ ಅಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ಬೇಜಾರಾದದ್ದು ದುಡ್ಡಿಗಿಂತ ಅದಕ್ಕೆ.

ಈ ಮಧ್ಯೆ ಮನೆಯಲ್ಲಿ ಸಲಹೆಗಳಿಗೇನು ಕಡಿಮೆ ಇಲ್ಲ. ಮಾವ ಜೀಪಿನ ಕಾಲದವರು, ಕಾರ್ಬೊರೇಟರ್ (ಹಳೆಯ ಗಾಡಿಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಬಿಚ್ಚಿ ಜೆಟ್ ಊದಿಸು ಅಂದರು. ಈ ಗಾಡಿಗೆ ಕಾರ್ಬೊರೇಟರೇ ಇಲ್ಲ ಅಂತ ಅವರಿಗೆ ನಂಬಿಸುವುದೇ ಒಂದು ಕೆಲಸ. ಆದರೆ ಅವರ ಮಾತು ಪೂರ್ತಿ ಸುಳ್ಳಲ್ಲ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಪಂಪ್ ಎಳೆಯಲಾರದೆ ಗಾಡಿ ನಿಲ್ಲುತ್ತಿತ್ತು. ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಮುಂದೆ ಹೋಗುತ್ತಿದ್ದರಂತೆ. ಪಕ್ಕದ ತೋಟದವರು ಇಲಿ ವೈರ್ ಕಡಿದಿರುತ್ತದೆ ಅಂದರು. ಕೊಡಗಿನಲ್ಲಿ ಯಾವ ಗಾಡಿಗೆ ಏನಾದರೂ ಮೊದಲು ಅನುಮಾನ ಇಲಿಯ ಮೇಲೆಯೇ. ಕಾಫಿ ಕಣದ ಪಕ್ಕದ ಶೆಡ್‌ನಲ್ಲಿ ನಿಲ್ಲಿಸಿದರೆ ಅನುಮಾನ ಬರದೆ ಇರುತ್ತಾ? ಇನ್ನೊಬ್ಬರು ಪೆಟ್ರೋಲಿಗೆ ಎಥನಾಲ್ ಬೆರೆಸುವುದರಿಂದಲೇ ಹೀಗೆ ಅಂತ ಖಡಾಖಂಡಿತ ಹೇಳಿದರು. 2023ರಲ್ಲಿ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್, ಬಂದಮೇಲೆ ಟೈರ್ ಪಂಚರ್ ಆದರೂ ಅದಕ್ಕೆ ಎಥನಾಲೇ ಕಾರಣ ಅನ್ನುವವರಿದ್ದಾರೆ.

ಈಗ ಚೇಟನ ವಿಷಯ.

ಗಾಡಿ ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತುತ್ತಾರೆ ಅಂದುಕೊಂಡಿದ್ದೆ. ಎತ್ತಲಿಲ್ಲ. ಒಂದು ಸ್ಟೂಲ್ ಎಳೆದು ಕೂತುಕೊಂಡು ಕೇಳಲು ಶುರು ಮಾಡಿದರು. ನನ್ನ ಜೊತೆ ಗಂಡನೂ ಬಂದಿದ್ದರು, ಆದರೆ ಚೇಟ ಕೇಳಿದ್ದು "ಓಡಿಸ್ತಾ ಇದ್ದದ್ದು ಯಾರು?" ಅಂತ. ನಾನು ಅಂದೆ. ಅಲ್ಲಿಂದ ಕೊನೆಯವರೆಗೆ ಮಾತೆಲ್ಲ ನನ್ನ ಜೊತೆಗೇ. ಗ್ಯಾರೇಜಿಗೆ ಹೋಗುವ ಹೆಂಗಸರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತು, ಅದಕ್ಕೆ ಬರೆದೆ.

ಅವರ ಪ್ರಶ್ನೆಗಳನ್ನು ಆಮೇಲೆ ಯೋಚಿಸಿದಾಗ, ಅರ್ಧ ರಿಪೇರಿ ಆದದ್ದೇ ಅಲ್ಲಿ ಅನ್ನಿಸಿತು. ಆಫ್ ಆಗುವ ಮೊದಲು ಪಿಕಪ್ ಹೋಗುತ್ತಾ, ಏರಿನಲ್ಲಿ ಏದುಸಿರು ಬಿಟ್ಟ ಹಾಗೆ ಎಳೆಯುತ್ತಾ, ಅಥವಾ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಮ್ಮೆಲೇ ಹೋಗುತ್ತಾ? ಎಳೆದೂ ಎಳೆದೂ ನಿಂತರೆ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅಂತ: ಪಂಪ್ ಸೋತಿರಬೇಕು, ಇಲ್ಲವೇ ಫಿಲ್ಟರ್ ಕಟ್ಟಿರಬೇಕು. ಒಮ್ಮೆಲೇ ನಿಂತರೆ ಕರೆಂಟಿನ ಕಡೆ ನೋಡಬೇಕು. ಸಿಗ್ನಲ್‌ನಲ್ಲಿ, ಹಂಪ್ ಹತ್ತಿರ, ಕ್ಲಚ್ ಒತ್ತಿ ನಿಲ್ಲಿಸುವಾಗ ಮಾತ್ರ ಆಫ್ ಆಗುತ್ತಾ? ಹಾಗಾದರೆ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿರಬಹುದು, ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿಗೆ ಗಾಳಿ ಕೊಡುವ ಐಡಲ್ ಕಂಟ್ರೋಲ್ ವಾಲ್ವ್ ಅಂಟಿಕೊಂಡಿರಬಹುದು, ಅಥವಾ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬಹುದು. ಗುಂಡಿಗೆ ಇಳಿದಾಗ ಆಫ್ ಆಗುತ್ತಾ? ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಸಡಿಲವಾದ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್. ಮಳೆಯಲ್ಲಿ ಮಾತ್ರವಾ? ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್ ವೈರಿಗೆ ನೀರು, ತೇವ. ಆಫ್ ಆದಾಗ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಗುತ್ತಾ, ಅಥವಾ ಆಯಿಲ್ ಲೈಟು, ಬ್ಯಾಟರಿ ಲೈಟು ಉರಿಯುತ್ತಾ? ಕತ್ತಲಾದರೆ ಬ್ಯಾಟರಿ ಕನೆಕ್ಷನ್ನೋ ಕೀ ಸ್ವಿಚ್ಚೋ ಕೈಕೊಟ್ಟಿದೆ. ಕೀಗೆ ಮನೆ ಬೀಗ, ಗೋಡೌನ್ ಬೀಗ, ಗೇಟಿನ ಬೀಗ ಎಲ್ಲ ನೇತುಹಾಕುವವರ ಸ್ವಿಚ್ ಬೇಗ ಸವೆಯುತ್ತದಂತೆ. ಎಸ್ಟೇಟಿನವರ ಕೀ ಗೊಂಚಲು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇಟ್ಟುಕೊಳ್ಳುತ್ತೀರಿ ಅಂತಲೂ ಕೇಳಿದರು. ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿಯೇ ತಣ್ಣಗಾಗುವುದು. ಇನ್ನೂರು ರೂಪಾಯಿಗೆ ಹಾಕಿಸಿ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಸಾಯುತ್ತದೆ. ನಾವು ಹಾಗೆ ಮಾಡುವವರಲ್ಲ, ಆದರೆ ಮಾಡುವವರು ಬಹಳ ಜನ ಇದ್ದಾರೆ.

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಕೊನೆಯಲ್ಲಿ ಬಂತು. "ಆಫ್ ಆದ ಕೂಡಲೇ, ನೀವು ಕ್ಲಚ್ ಒತ್ತುವ ಮೊದಲು, ಆರ್‌ಪಿಎಂ ಮುಳ್ಳು ಎಲ್ಲಿತ್ತು?" ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮುಳ್ಳು ಅದು. ನನಗೆ ನೆನಪಿತ್ತು, ಸೊನ್ನೆಗೆ ಬಿದ್ದಿತ್ತು. "ಗಾಡಿ ಉರುಳ್ತಾ ಇತ್ತಾ? ಗೇರಲ್ಲೇ?" ಹೌದು. ಚೇಟ ನಕ್ಕರು. "ಗೇರಲ್ಲಿ ಉರುಳ್ತಾ ಇದ್ರೆ ಇಂಜಿನ್ ತಿರುಗ್ತಾ ಇರಬೇಕಲ್ಲ ಮೇಡಂ. ಮತ್ತೆ ಮುಳ್ಳು ಯಾಕೆ ಸೊನ್ನೆ?"

ಕ್ಲಚ್ ಒತ್ತದೆ ಗೇರಿನಲ್ಲಿದ್ದರೆ ಚಕ್ರ ಇಂಜಿನನ್ನು ಎಳೆದು ತಿರುಗಿಸುತ್ತಲೇ ಇರುತ್ತದೆ, ಪೆಟ್ರೋಲ್ ಇದ್ದರೂ ಇಲ್ಲದಿದ್ದರೂ. ಪಂಪ್ ಸತ್ತು ನಿಂತ ಗಾಡಿಯಲ್ಲಿ ಮುಳ್ಳು ಸ್ಪೀಡ್ ಇಳಿದ ಹಾಗೆ ನಿಧಾನಕ್ಕೆ ಇಳಿಯಬೇಕು. ಇಂಜಿನ್ ತಿರುಗುತ್ತಿದ್ದರೂ ಮುಳ್ಳು ಧೊಪ್ಪಂತ ಸೊನ್ನೆಗೆ ಬಿದ್ದರೆ, ತಿರುಗುವುದನ್ನು ಎಣಿಸುವ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ ಅಂತ ಅರ್ಥ. ಅಥವಾ ಇಂಜಿನ್ ನಡೆಸುವ ಕಂಪ್ಯೂಟರಿಗೇ, ಅಂದರೆ ಇಸಿಯುಗೇ, ಕರೆಂಟ್ ಹೋಗಿರಬೇಕು. ಎರಡರಲ್ಲಿ ಒಂದು. ಈ ಒಂದು ಪ್ರಶ್ನೆ ಮೊದಲೇ ಯಾರಾದರೂ ಕೇಳಿದ್ದರೆ ಟ್ಯಾಂಕಿಗೆ ಹೊಸ ಪಂಪ್ ಇಳಿಸುವ ಅಗತ್ಯವೇ ಇರಲಿಲ್ಲ.

ಆ ಸೆನ್ಸರ್ ಹೆಸರು ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್. ಗ್ಯಾರೇಜಿನಲ್ಲಿ ಕ್ರ್ಯಾಂಕ್ ಸೆನ್ಸರ್ ಅಂದರೆ ಸಾಕು. ನಮ್ಮ ಗಾಡಿಯಲ್ಲಿ ಇಂಜಿನ್ನು, ಗೇರ್‌ಬಾಕ್ಸು ಸೇರುವ ಜಾಗದಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿ ಕೂತಿರುತ್ತದೆ. ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಅದರ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇದರ ಮುಂದೆ ಹಾದುಹೋಗುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಅದು 60 ಹಲ್ಲಿನ ಲೆಕ್ಕದ ಚಕ್ರ, ಅದರಲ್ಲಿ ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಬಂದಾಗ ಇಸಿಯುಗೆ ಪಿಸ್ಟನ್ ಎಲ್ಲಿದೆ ಅಂತ ತಿಳಿಯುತ್ತದೆ, ಆ ಲೆಕ್ಕದ ಮೇಲೆಯೇ ಪೆಟ್ರೋಲ್ ಚಿಮ್ಮಿಸುವುದು, ಕಿಡಿ ಹಾರಿಸುವುದು ಎಲ್ಲ. ಲೆಕ್ಕ ತಪ್ಪಿದರೆ ಇಸಿಯು ಎರಡನ್ನೂ ನಿಲ್ಲಿಸುತ್ತದೆ. ಅದಕ್ಕೇ ಗಾಡಿ ಅಷ್ಟು ಚೊಕ್ಕವಾಗಿ ಸಾಯುವುದು.

ಬಿಸಿಯಾದಾಗ ಮಾತ್ರ ಯಾಕೆ? ಈ ತರದ ಸೆನ್ಸರಿನೊಳಗೆ ಬಹಳ ತೆಳು ತಾಮ್ರದ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ತಂತಿಯಲ್ಲೋ ಬೆಸುಗೆಯಲ್ಲೋ ಕಣ್ಣಿಗೆ ಕಾಣದ ಬಿರುಕು. ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ಆರಿದಾಗ ಮತ್ತೆ ಮುಟ್ಟುತ್ತದೆ. ಹಳೆಯ ಇಯರ್‌ಫೋನ್ ವೈರನ್ನು ಒಂದು ಕಡೆ ಮಡಿಸಿ ಹಿಡಿದರೆ ಮಾತ್ರ ಹಾಡು ಕೇಳುತ್ತದಲ್ಲ, ಅದೇ ಕಥೆ.

ಇಲ್ಲಿಗೆ ಬೇರೆ ಯಾರಾದರೂ ಆಗಿದ್ದರೆ "ಕ್ರ್ಯಾಂಕ್ ಸೆನ್ಸರ್ ಹೋಗಿದೆ, ಹಾಕೋಣ" ಅನ್ನುತ್ತಿದ್ದರು. ಚೇಟ ಅನ್ನಲಿಲ್ಲ. "ಇದು ನನ್ನ ಅನುಮಾನ ಅಷ್ಟೇ. ಗಾಡಿ ನನ್ನ ಮುಂದೆ ನಿಲ್ಲಬೇಕು, ಆಮೇಲೆ ಪಾರ್ಟ್ ಮಾತು" ಅಂದರು. ನಾನು ಸ್ಟಾರ್ ಕೊಡುತ್ತಿರುವುದೇ ಈ ಮಾತಿಗೆ.

ಗಾಡಿ ಬಿಟ್ಟು ಹೋಗಿ ಅಂದರು. ಬೇಡ, ನಾನೂ ಬರುತ್ತೇನೆ ಅಂದೆ, ಬೇಡ ಅನ್ನಲಿಲ್ಲ. ಪೆಟ್ರೋಲ್ ಲೈನಿಗೆ ಪ್ರೆಷರ್ ಗೇಜ್ ಜೋಡಿಸಿ, ಉದ್ದ ಪೈಪ್ ಎಳೆದು, ಗೇಜನ್ನು ವಿಂಡ್‌ಸ್ಕ್ರೀನ್ ಮೇಲೆ ಒಳಗಿಂದ ಕಾಣುವ ಹಾಗೆ ಟೇಪ್ ಹಾಕಿ ಅಂಟಿಸಿದರು. ಸ್ಕ್ಯಾನರನ್ನು ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್‌ನ ಸಾಕೆಟ್ಟಿಗೆ ಚುಚ್ಚಿ, ಆರ್‌ಪಿಎಂ ಮತ್ತು ಸ್ಪೀಡ್ ಎರಡೂ ರೆಕಾರ್ಡ್ ಆಗುವ ಹಾಗೆ ಇಟ್ಟರು. ಎಸಿ ಆಫ್. ತಿತಿಮತಿ ಕಡೆ ಹೊರಟೆವು. ಸ್ಟೀರಿಂಗ್ ಅವರದು, ಸ್ಕ್ಯಾನರ್ ನನ್ನ ತೊಡೆ ಮೇಲೆ.

ಬೇಕೆಂದಾಗ ಯಾವ ಕಂಪ್ಲೇಂಟ್ ಬರುತ್ತದೆ ಹೇಳಿ? ಹೋದೆವು, ತಿರುಗಿಸಿಕೊಂಡು ಬಂದೆವು, ಮತ್ತೆ ಹೋದೆವು, ಮಧ್ಯೆ ಗಾಡಿ ನಿಲ್ಲಿಸಿ ಇಂಜಿನ್ ಆನ್ ಇಟ್ಟೇ ಟೀ ಕುಡಿದೆವು, ಬಾನೆಟ್ ಒಳಗಿನ ಬಿಸಿ ಹೊರಗೆ ಹೋಗದೆ ಚೆನ್ನಾಗಿ ಕಾಯಲಿ ಅಂತ. ವಾಪಸ್ ಬರುವಾಗ ಒಂದು ಸಣ್ಣ ಏರಿನಲ್ಲಿ ಆಫ್ ಆಯಿತು. ನಾನು ಜೀವಮಾನದಲ್ಲಿ ಮೊದಲ ಸಲ ಗಾಡಿ ಕೆಟ್ಟು ನಿಂತದ್ದಕ್ಕೆ ಖುಷಿಪಟ್ಟೆ. ಸ್ಕ್ಯಾನರ್ ಪರದೆಯಲ್ಲಿ ಸ್ಪೀಡ್ ಇನ್ನೂ ಮೂವತ್ತರ ಮೇಲೆ, ಆರ್‌ಪಿಎಂ ಸೊನ್ನೆ. ಗೇಜಿನ ಮುಳ್ಳು ಅಲ್ಲಾಡಿಲ್ಲ, 3 ಬಾರ್ ಹತ್ತಿರವೇ ನಿಂತಿದೆ. ಅಂದರೆ ಪೆಟ್ರೋಲ್ ಪ್ರೆಷರ್ ಸರಿಯಿದೆ. ಸ್ಕ್ಯಾನರ್ ಇಸಿಯು ಜೊತೆ ಮಾತು ಬಿಟ್ಟಿಲ್ಲ, ಅಂದರೆ ಇಸಿಯುಗೆ ಕರೆಂಟೂ ಇದೆ. ಇಸಿಯುಗೆ ಕರೆಂಟ್ ಕೊಡುವ ಮೇನ್ ರಿಲೇ ಕೈಕೊಟ್ಟಿದ್ದರೆ ಸ್ಕ್ಯಾನರಿನ ಸಂಪರ್ಕವೂ ಕಡಿದುಹೋಗಬೇಕಿತ್ತು. ಉಳಿದದ್ದು ಕ್ರ್ಯಾಂಕ್ ಸೆನ್ಸರ್, ಅಥವಾ ಅದರ ವೈರು.

ಅಲ್ಲೇ ರಸ್ತೆ ಬದಿಯಲ್ಲಿ ಸೆಲ್ಫ್ ಹೊಡೆದರು. ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ, ಸ್ಕ್ಯಾನರಿನಲ್ಲಿ ಆರ್‌ಪಿಎಂ ಇನ್ನೂ ಸೊನ್ನೆ. ಆಮೇಲೆ ಒಂದು ಬಟ್ಟೆ ಒದ್ದೆ ಮಾಡಿ, ಸೈಲೆನ್ಸರ್ ಪೈಪಿಗೆ ತಾಗದ ಹಾಗೆ, ಬರೀ ಸೆನ್ಸರ್ ಮೇಲೆ ಇಟ್ಟು ಮೇಲಿಂದ ಬಾಟಲಿ ನೀರು ಸ್ವಲ್ಪ ಸ್ವಲ್ಪ ಬಿಟ್ಟರು. ಒಂದೆರಡು ನಿಮಿಷ. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್. ಮಾವನ ಒದ್ದೆ ಬಟ್ಟೆ ಕಥೆ ನೆನಪಾಗಿ ನಗು ಬಂತು, ಆದರೆ ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಇವತ್ತಿಗೂ ಅದನ್ನೇ ಆಡಿಕೊಳ್ಳುತ್ತಿದ್ದರು.

ಗ್ಯಾರೇಜಿಗೆ ಬಂದು ಸೆನ್ಸರ್ ಬಿಚ್ಚಿ ಮೀಟರ್ ಇಟ್ಟರು. ತಣ್ಣಗಿದ್ದಾಗ ಒಂಬೈನೂರು ಓಮ್ ಆಸುಪಾಸು. ಇದು ಗಾಡಿಯಿಂದ ಗಾಡಿಗೆ ಬೇರೆ, ನನ್ನ ನಂಬರ್ ಇಟ್ಟುಕೊಂಡು ನಿಮ್ಮದನ್ನು ಅಳೆಯಬೇಡಿ. ಸುರುಳಿಯ ಬದಲು ಚಿಪ್ ಇರುವ, ಮೂರು ವೈರಿನ ಹಾಲ್ (Hall) ಸೆನ್ಸರ್ ಆದರೆ ಈ ತರ ಅಳೆಯಲೂ ಬರುವುದಿಲ್ಲ. ಹಾಟ್ ಗನ್ನಿಂದ ಸ್ವಲ್ಪ ಸ್ವಲ್ಪ ಕಾಯಿಸುತ್ತಾ ಬಂದರು. ನಂಬರ್ ಮೆಲ್ಲಗೆ ಏರಿತು, ತಾಮ್ರ ಕಾದರೆ ಅಷ್ಟು ಏರುವುದು ಸಹಜವಂತೆ. ಆಮೇಲೆ ಥಟ್ಟನೆ ಓಪನ್, ಅಂದರೆ ಒಳಗಿನ ತಂತಿ ಬಿಟ್ಟುಕೊಂಡಿತು. ಅಷ್ಟಕ್ಕೂ ಬಿಡಲಿಲ್ಲ. ಸೆನ್ಸರಿನಿಂದ ಇಸಿಯುವರೆಗಿನ ವೈರನ್ನೂ ಕಪ್ಲರನ್ನೂ ಅಲ್ಲಾಡಿಸಿ, ಎಳೆದು, ಮೀಟರ್ ಇಟ್ಟು ನೋಡಿದರು. ಕಪ್ಲರ್ ಒಳಗೆ ಸ್ವಲ್ಪ ಆಯಿಲ್ ಜಿನುಗಿತ್ತು, ಸ್ಪ್ರೇ ಹೊಡೆದು ಕ್ಲೀನ್ ಮಾಡಿದರು. ಇಲಿ ನಿರಪರಾಧಿ. ಎಥನಾಲೂ ನಿರಪರಾಧಿ.

ಕೋಡ್ ಯಾಕೆ ಬರಲಿಲ್ಲ ಅಂತ ಕೇಳಿದೆ. ಕ್ರ್ಯಾಂಕ್ ಸೆನ್ಸರಿಗೆ ಪಿ0335 ಅಂತ ಒಂದು ಕೋಡ್ ಇದೆ, ಎಷ್ಟೋ ಗಾಡಿಗಳಲ್ಲಿ ಬರುತ್ತದೆ. ಆದರೆ ಓಡುವಾಗ ಸಿಗ್ನಲ್ ಒಮ್ಮೆಲೇ ನಿಂತರೆ, ಡ್ರೈವರೇ ಇಂಜಿನ್ ಆಫ್ ಮಾಡಿದರು ಅಂತ ಕೆಲವು ಇಸಿಯು ತಿಳಿದುಕೊಂಡು ಸುಮ್ಮನಾಗಿಬಿಡುತ್ತವೆ. "ಕೋಡ್ ಇಲ್ಲ ಅಂದ್ರೆ ಕಂಪ್ಲೇಂಟ್ ಇಲ್ಲ ಅಂತ ಅಲ್ಲ ಮೇಡಂ" ಅಂದರು. ದೊಡ್ಡ ವರ್ಕ್‌ಶಾಪಿನ ಗೋಡೆ ಮೇಲೆ ಇದನ್ನು ಬರೆಸಬೇಕು.

ಒರಿಜಿನಲ್ ಪಾರ್ಟ್ ಗೋಣಿಕೊಪ್ಪದಲ್ಲಿ ಸಿಗಲಿಲ್ಲ. ಲೋಕಲ್ ಸೆನ್ಸರ್ ಒಂದು ಅಂಗಡಿಯಲ್ಲಿತ್ತು, ಅರ್ಧಕ್ಕಿಂತ ಕಡಿಮೆ ರೇಟು. ಚೇಟ ಅದನ್ನು ಹಾಕಲು ಒಪ್ಪಲಿಲ್ಲ. ಹಲ್ಲಿಗೂ ಸೆನ್ಸರಿಗೂ ನಡುವಿನ ಅಂತರ ಕೂದಲೆಳೆ ಹೆಚ್ಚುಕಡಿಮೆಯಾದರೂ ಸಿಗ್ನಲ್ ಕೆಡುತ್ತದೆ, ಆಮೇಲೆ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್ ಅಂತ ನನ್ನ ಹತ್ತಿರವೇ ಬರುತ್ತೀರಿ ಅಂದರು. ಮೈಸೂರಿಗೆ ಫೋನ್ ಮಾಡಿ ಒರಿಜಿನಲ್ ಹೇಳಿದರು. ಪಾರ್ಟ್ ಬಸ್ಸಿನಲ್ಲಿ ಬಂತು. ರೈಲಿಲ್ಲದ ಜಿಲ್ಲೆ ನಮ್ಮದು, ಬೇಕಾದ್ದೆಲ್ಲ ಬಸ್ಸಿಗೇ ಹಾಕಿಸಬೇಕು. ಸೆನ್ಸರಿಗೆ 1,450, ಹಾಕಿದ್ದಕ್ಕೆ 300, ಬಸ್ಸಿನ ಚಾರ್ಜ್ ಸೇರಿಸಲಿಲ್ಲ. ಹಳೆಯ ಸೆನ್ಸರನ್ನು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟರು. ದೊಡ್ಡ ವರ್ಕ್‌ಶಾಪಿನಲ್ಲಿ ಬಿಚ್ಚಿದ ಪಂಪನ್ನು ನಾನು ಇವತ್ತಿನವರೆಗೂ ಕಣ್ಣಿಂದ ನೋಡಿಲ್ಲ.

ಆಮೇಲೆ ಮೈಸೂರಿಗೆ ಹೋಗಿಬಂದಿದ್ದೇವೆ, ಮಾಕುಟ್ಟ ಇಳಿದು ಕೇರಳದ ಇರಿಟ್ಟಿ ಕಡೆಗೂ ಹೋಗಿಬಂದಿದ್ದೇವೆ, ಗಾಡಿ ಒಂದು ಸಲವೂ ನಿಂತಿಲ್ಲ.

ಗಾಡಿ ವಾಪಸ್ ಕೊಡುವಾಗ ಚೇಟ ಇನ್ನೊಂದು ವಿಷಯ ಹೇಳಿದರು. ಘಾಟಿಯಲ್ಲಿ ಓಡಿಸುವವರು ಓದಿಕೊಳ್ಳಿ. ಓಡುವಾಗ ಇಂಜಿನ್ ಆಫ್ ಆದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಆದರೆ ತಿರುಗುತ್ತದೆ, ಎರಡೂ ಕೈಯಲ್ಲಿ ಬಲವಾಗಿ ಹಿಡಿಯಬೇಕು. ಬ್ರೇಕ್ ಹಗುರ ಮಾಡುವ ಬೂಸ್ಟರಿನಲ್ಲಿ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಗಾಬರಿಯಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಅದೂ ಖಾಲಿ, ಆಮೇಲೆ ಪೆಡಲ್ ಕಲ್ಲು. ಒಂದೇ ಸಮ ಒತ್ತಿ ಹಿಡಿದು ಸೈಡಿಗೆ ತರಬೇಕು. ಇಳಿಜಾರಿದ್ದರೆ ಗೇರ್ ತೆಗೆಯಬೇಡಿ. ಇಂಜಿನ್ ಸತ್ತಿದ್ದರೂ ಗೇರಿನಲ್ಲಿದ್ದರೆ ಗಾಡಿಯನ್ನು ಹಿಡಿದಿಡುತ್ತದೆ. ಕೀಯನ್ನು ಮಾತ್ರ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಬಿದ್ದರೆ ಮುಗಿಯಿತು. ನಿಂತಮೇಲೆ ಹಜಾರ್ಡ್ ಲೈಟ್ ಹಾಕಿ, ಮಂಜಿದ್ದರೆ ಗಾಡಿಯ ಹಿಂದೆ ದೂರದಲ್ಲಿ ತ್ರಿಕೋನ ಇಡಿ. ಕಾಡಿನ ರಸ್ತೆಯಾದರೆ ಇಳಿದು ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಕೊನೆಯದು ನನ್ನ ಸೇರ್ಪಡೆ, ಟೂರಿಸ್ಟ್‌ಗಳನ್ನು ನೋಡಿ ನೋಡಿ ಸಾಕಾಗಿದೆ.

ಮೊಬೈಲಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಒಬಿಡಿ ಡಾಂಗಲ್, ಅಂದರೆ ಪುಟ್ಟ ಸ್ಕ್ಯಾನರ್ ಬಗ್ಗೆಯೂ ಎರಡು ಮಾತು. ಗ್ಯಾರೇಜಿಗೆ ಹೋಗುವ ಮೊದಲೇ ಆನ್‌ಲೈನಿನಲ್ಲಿ ಒಂದು ತರಿಸಿದ್ದೆ, ಇಎಲ್‌ಎಂ327 ಅಂತ ಬರುವ ಅಗ್ಗದ್ದು. ಕೋಡ್ ಓದಲು, ಬ್ಯಾಟರಿ ವೋಲ್ಟೇಜ್ ನೋಡಲು ಪರವಾಗಿಲ್ಲ. ಇಂಜಿನ್ ಓಡುವಾಗ ಸಾಮಾನ್ಯವಾಗಿ 14 ವೋಲ್ಟ್ ಆಸುಪಾಸು ಇರಬೇಕು, 13ಕ್ಕಿಂತ ಕೆಳಗೇ ಇದ್ದರೆ ಆಲ್ಟರ್ನೇಟರ್ ತೋರಿಸಿ. ಆದರೆ ಇದು ನಡುವೆ ಕನೆಕ್ಷನ್ ಬಿಡುತ್ತದೆ, ಬಿಟ್ಟದ್ದು ಡಾಂಗಲ್ಲೋ ಇಸಿಯುವೋ ಗೊತ್ತಾಗುವುದಿಲ್ಲ. ನಮ್ಮಂಥ ಕಂಪ್ಲೇಂಟಿಗೆ ಅದೇ ವ್ಯತ್ಯಾಸ ಮುಖ್ಯ. ಐದಕ್ಕೆ ಎರಡು ಕೊಡುತ್ತೇನೆ.

ಗ್ಯಾರೇಜಿನ ತೊಂದರೆಗಳೂ ಇವೆ, ಸುಮ್ನೆ ಹೊಗಳುತ್ತಾ ಹೋದರೆ ಆಗಲ್ಲ. ಫೋನ್ ಎತ್ತುವುದಿಲ್ಲ. ಎತ್ತಿದರೂ "ನಾಳೆ" ಅನ್ನುತ್ತಾರೆ, ಆ ನಾಳೆ ಯಾವತ್ತು ಅಂತ ಅವರಿಗೂ ಗೊತ್ತಿರುವುದಿಲ್ಲ. ಡಿಸೆಂಬರಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಸಮಯದಲ್ಲಂತೂ ಹೋಗಲೇಬೇಡಿ. ಕೆಲಸದವರನ್ನು ಸಾಗಿಸುವ ಜೀಪು, ಕಾಫಿ ಮೂಟೆ ಹೊರುವ ಪಿಕಪ್ ಮೊದಲು, ಮನೆ ಕಾರು ಕೊನೆಗೆ. ಅವರ ಲೆಕ್ಕದಲ್ಲಿ ಅದು ಸರಿಯೇ, ಆದರೆ ಕಾಯುವವರಿಗೆ ಕಷ್ಟ. ದಸರಾ ಸಮಯದಲ್ಲಿ ಗೋಣಿಕೊಪ್ಪದೊಳಗೆ ಗಾಡಿ ತರುವುದೇ ಸಾಹಸ. ಬಿಲ್ ಅಂದರೆ ನೋಟ್‌ಬುಕ್ಕಿನಿಂದ ಹರಿದ ಚೀಟಿ, ಜಿಎಸ್‌ಟಿ ಬಿಲ್ ಬೇಕಾದವರಿಗೆ ಇದು ಆಗುವುದಿಲ್ಲ. ಮಳೆಗಾಲದಲ್ಲಿ ಶೆಡ್ ಒಳಗೆ ಎರಡೇ ಗಾಡಿಗೆ ಜಾಗ, ಉಳಿದವು ಹೊರಗೆ ಮಳೆಯಲ್ಲಿ ನೆನೆಯುತ್ತವೆ. ಸೀಟಿಗೆ ಕವರ್ ಹಾಕದೆ ಗ್ರೀಸ್ ಕೈಯಲ್ಲೇ ಕೂತಿದ್ದಾರೆ, ಆ ಕಲೆ ಇನ್ನೂ ಹೋಗಿಲ್ಲ. ಕೂರಲು ಜಾಗ ಇಲ್ಲ, ಹೆಂಗಸರಿಗೆ ಟಾಯ್ಲೆಟ್ ಇಲ್ಲ, ಪೇಟೆಗೇ ಹೋಗಬೇಕು.

ವಾರಂಟಿ ಇರುವ ಹೊಸ ಗಾಡಿಯಾದರೆ ಇಲ್ಲಿಗೆ ಬರಬೇಡಿ, ಕಂಪನಿ ಸರ್ವಿಸಿಗೇ ಹೋಗಿ, ಹೊರಗೆ ಬಿಚ್ಚಿಸಿದರೆ ಆಮೇಲೆ ವಾರಂಟಿಗೆ ತಕರಾರು ಬರಬಹುದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಹೈಬ್ರಿಡ್ ಅವರು ಮುಟ್ಟುವುದಿಲ್ಲ. ಡೀಸೆಲ್ ಗಾಡಿ ಓಡುವಾಗ ನಿಲ್ಲುತ್ತಿದ್ದರೆ ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಹೊಗೆಯನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಇಷ್ಟನ್ನು ನೋಡಿಕೊಡುತ್ತಾರೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಲಸವಾದರೆ ಮೈಸೂರಿಗೆ ಕಳಿಸುತ್ತಾರೆ. ಬಾಡಿ ಕೆಲಸ, ಪೇಂಟಿಂಗ್ ಇಲ್ಲವೇ ಇಲ್ಲ.

ಒಟ್ಟು ಐದಕ್ಕೆ ನಾಲ್ಕು. ಕಳೆದ ಒಂದು ಸ್ಟಾರ್, ಫೋನ್ ಎತ್ತದ್ದಕ್ಕೂ ಸೀಟಿನ ಕಲೆಗೂ ಸೇರಿಸಿ.

ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಹೋದರೆ ಅವರು ಯಾವುದೋ ಜೀಪಿನ ಕೆಳಗೆ ಮಲಗಿರುತ್ತಾರೆ. ಟ್ಯಾಂಕ್ ಅರ್ಧವಾದರೂ ತುಂಬಿಸಿಕೊಂಡು ಹೋಗಿ, ಗಾಡಿ ನಿಲ್ಲುವವರೆಗೆ ಓಡಿಸಲು ಪೆಟ್ರೋಲ್ ನಿಮ್ಮದೇ. ಓಡಿಸುತ್ತಿದ್ದವರೇ ಹೋಗಬೇಕು, ಡ್ರೈವರ್ ಕೈಯಲ್ಲೋ ತಮ್ಮನ ಕೈಯಲ್ಲೋ ಗಾಡಿ ಕಳಿಸಿದರೆ ಚೇಟನ ಪ್ರಶ್ನೆಗಳಿಗೆ ಉತ್ತರ ಹೇಳುವವರಿರುವುದಿಲ್ಲ, ಅವರು ಗಾಡಿಯನ್ನು ಮುಟ್ಟದೆ ವಾಪಸ್ ಕಳಿಸುತ್ತಾರೆ. ಕಳಿಸಿದ್ದನ್ನು ನಾನೇ ನೋಡಿದ್ದೇನೆ.